ಏಳನೇ ಶಿಖರದ ತಕರಾರು

ಊರಿನಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಲಿಫ್ಟಣ್ಣ ಎಂದೇ. ಮೂವತ್ತನಾಲ್ಕು ವರ್ಷ ಲಿಫ್ಟು ರಿಪೇರಿ ಮಾಡಿಕೊಂಡು ಬಂದವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಆಸ್ಪತ್ರೆಯ ಎರಡು, ಬ್ಯಾಂಕಿನ ಒಂದು, ರೈಲು ನಿಲ್ದಾಣದ ಎದುರಿನ ಹೋಟೆಲಿನದೊಂದು, ಮತ್ತೆ ಇದ್ದಬದ್ದ ವಸತಿ ಕಟ್ಟಡಗಳದ್ದು, ಹೀಗೆ ಊರಿನ ಮುಕ್ಕಾಲು ಪಾಲು ಲಿಫ್ಟುಗಳ ಹೊಟ್ಟೆಯೊಳಗೆ ಅವನ ಕೈ ಆಡಿತ್ತು.

ಸಿಟ್ಟು ಮಾತ್ರ ಸದಾ ಮೂಗಿನ ತುದಿಯಲ್ಲೇ. ಯಂತ್ರದ ಮೇಲೆ ಅವನು ಒಂದು ದಿನವೂ ರೇಗಿದವನಲ್ಲ. ರೇಗುತ್ತಿದ್ದದ್ದೆಲ್ಲ ಮನುಷ್ಯರ ಮೇಲೆ. ಒಂದೇ ಗುಂಡಿಯನ್ನು ಹತ್ತು ಸಲ ಒತ್ತುವವರು, ಬಾಗಿಲು ಮುಚ್ಚದಂತೆ ಕುರ್ಚಿ ಅಡ್ಡ ಇಟ್ಟು ಸೋಫಾ ತರಲು ಹೋಗುವವರು, "ನಿನ್ನೆಯಿಂದ ಒಂಥರಾ ಸದ್ದು ಮಾಡ್ತಿತ್ತು, ಹೇಳೋಣ ಅಂತಿದ್ವಿ" ಎಂದು ಕೆಟ್ಟು ನಿಂತ ಮೇಲೆ ಹೇಳುವವರು. ಇವರನ್ನೆಲ್ಲ ಸಹಿಸಿಕೊಂಡು ಸಹಿಸಿಕೊಂಡು ಅವನ ಹುಬ್ಬುಗಳ ನಡುವೆ ಎರಡು ಗೆರೆಗಳು ಖಾಯಂ ಆಗಿ ಕೂತುಬಿಟ್ಟಿದ್ದವು. ಮಗಳು ಚಿಕ್ಕವಳಿದ್ದಾಗ ಆ ಗೆರೆಗಳ ಮೇಲೆ ಬೆರಳಾಡಿಸಿ, "ಅಪ್ಪಾ, ಇದು ಲಿಫ್ಟಿನ ಬಾಗಿಲಾ?" ಎಂದು ಕೇಳಿದ್ದಳು. ಈಗ ಅವಳು ಬೇರೆ ಊರಿನ ಆಸ್ಪತ್ರೆಯೊಂದರಲ್ಲಿ ನರ್ಸು.

ಅವನು ಬೆಟ್ಟ ಹತ್ತಲು ಶುರು ಮಾಡಿದ್ದೂ ಸಿಟ್ಟಿನಿಂದಲೇ. ವಾರವೆಲ್ಲ ಸರಿಯಾಗಿ ಓಡುತ್ತಿದ್ದ ಲಿಫ್ಟುಗಳು ಭಾನುವಾರ ಅವನು ತಟ್ಟೆಯ ಮುಂದೆ ಕೂತ ಹೊತ್ತು ನೋಡಿಕೊಂಡೇ ಕೈಕೊಡುತ್ತಿದ್ದವು. ಅಂಥದೊಂದು ಭಾನುವಾರ, ಹನ್ನೊಂದು ವರ್ಷದ ಹಿಂದೆ, ಮಾರುಕಟ್ಟೆ ರಸ್ತೆಯ ಕಟ್ಟಡವೊಂದರಲ್ಲಿ ಹಲ್ಲಿನ ಡಾಕ್ಟರು ಎರಡನೇ ಮತ್ತು ಮೂರನೇ ಮಹಡಿಯ ನಡುವೆ ಸಿಕ್ಕಿಹಾಕಿಕೊಂಡರು. ಆಕೆಯ ಕ್ಲಿನಿಕ್ಕು ಮೂರನೇ ಮಹಡಿಯಲ್ಲಿ. ಲಿಫ್ಟಣ್ಣ ಎಂದಿನಂತೆ ಬಾಗಿಲಿನ ಸಂದಿಗೆ ಬಾಯಿಟ್ಟು, "ಗಾಬರಿ ಆಗ್ಬೇಡಿ, ಐದೇ ನಿಮಿಷ" ಎಂದ. ನಲವತ್ತು ನಿಮಿಷವಾಯಿತು. ಹೊರಗೆ ಬಂದ ಆಕೆ ಬೈಯಲಿಲ್ಲ. ಬೆನ್ನಿಗೆ ಚೀಲ, ಕಾಲಿಗೆ ದಪ್ಪ ಬೂಟು ಹಾಕಿಕೊಂಡಿದ್ದರು.

"ಬೆಟ್ಟಕ್ಕೆ ಹೊರಟಿದ್ದೆ. ಬಸ್ಸು ಹೋಯ್ತು" ಎಂದರು. ಆಮೇಲೆ ಅವನ ಮುಖ ನೋಡಿ, "ನೀವೂ ಒಂದ್ಸಲ ಬನ್ನಿ ಅಣ್ಣ. ಅಲ್ಲಿ ಫೋನ್ ಸಿಗಲ್ಲ" ಎಂದರು.

ಆ ಕೊನೆಯ ಮಾತು ಅವನ ಕಿವಿಯಲ್ಲಿ ಉಳಿಯಿತು. ಮುಂದಿನ ಭಾನುವಾರವೇ ಹೋದ. ಹತ್ತುವಾಗ ಎದೆ ಡವಗುಟ್ಟಿತು, ಪಾದದಲ್ಲಿ ಗುಳ್ಳೆ ಬಂತು. ಆದರೆ ಮೇಲೆ ಕೂತು ಚಹಾ ಕುಡಿದ ಒಂದು ಗಂಟೆಯಲ್ಲಿ ಯಾರೂ ಅವನನ್ನು ಯಾವುದಕ್ಕೂ ಕರೆಯಲಿಲ್ಲ. ಇದಕ್ಕಿಂತ ಹೆಚ್ಚಿನ ಸುಖವನ್ನು ಅವನು ಜೀವಮಾನದಲ್ಲಿ ಕಂಡಿರಲಿಲ್ಲ.

ಬೆಟ್ಟಕ್ಕೆ ಹೋಗುವವರದ್ದೊಂದು ಚಾರಣ ಸಂಘವಿತ್ತು. ಸಂಘದವರು ಸುತ್ತಮುತ್ತಲಿನ ಇಪ್ಪತ್ತೈದು ಶಿಖರಗಳ ಪಟ್ಟಿ ಮಾಡಿ, ಒಂದರಿಂದ ಇಪ್ಪತ್ತೈದರವರೆಗೆ ನಂಬರು ಕೊಟ್ಟು, ಪ್ರತಿ ಸದಸ್ಯನಿಗೂ ಒಂದೊಂದು ಕಾರ್ಡು ಹಂಚಿದ್ದರು. ಪ್ರತಿ ಶಿಖರದ ಮೇಲೂ ಒಂದು ಕಂಬ, ಕಂಬದಲ್ಲಿ ತಗಡಿನ ಡಬ್ಬಿ, ಡಬ್ಬಿಯಲ್ಲಿ ರಬ್ಬರ್ ಮೊಹರು. ಮೇಲೆ ಹೋದವರು ತಮ್ಮ ಕಾರ್ಡಿಗೆ ತಾವೇ ಮೊಹರು ಒತ್ತಿಕೊಳ್ಳಬೇಕು. ಇಪ್ಪತ್ತೈದೂ ಮುಗಿಸಿದವರ ಹೆಸರನ್ನು ಸಂಘದ ಕೋಣೆಯ ಹಲಗೆಯ ಮೇಲೆ ಬಣ್ಣದಲ್ಲಿ ಬರೆಸುತ್ತಿದ್ದರು. ಮೊಹರಿನ ಇಂಕ್ ಪ್ಯಾಡು ಎಲ್ಲ ಕಡೆಯೂ ಒಣಗಿ ಚಕ್ಕೆಯಾಗಿರುತ್ತಿತ್ತು. ಲಿಫ್ಟಣ್ಣ ಈ ವಿಷಯವನ್ನು ಸಂಘದ ಕಾರ್ಯದರ್ಶಿಗೆ ಆರು ಸಲ ಹೇಳಿ, ಏಳನೇ ಸಲ ಹೇಳುವ ಬದಲು ತಾನೇ ಜೇಬಿನಲ್ಲಿ ಇಂಕಿನ ಸೀಸೆ ಇಟ್ಟುಕೊಂಡು ತಿರುಗತೊಡಗಿದ. ಅಂಗಿಯ ಜೇಬೆಲ್ಲ ನೀಲಿಯಾಯಿತು. ಹೆಂಡತಿಯ ಹತ್ತಿರ ಬೈಸಿಕೊಂಡಿದ್ದೂ ಆಯಿತು.

ಪಟ್ಟಿ ಮುಗಿಸಬೇಕೆಂಬ ಹಟ ಅವನಿಗೆ ಮೊದಲಿರಲಿಲ್ಲ. ಹತ್ತನೆಯದು ಆದಮೇಲೆ ಕಾರ್ಡಿನಲ್ಲಿ ಖಾಲಿ ಉಳಿದ ಚೌಕಗಳು ಕಣ್ಣು ಚುಚ್ಚತೊಡಗಿದವು. ಇಪ್ಪತ್ತೆರಡು ಆಗುವ ಹೊತ್ತಿಗೆ ಆಸ್ಪತ್ರೆಯ ಲಿಫ್ಟಿನ ತಳದ ಹೊಂಡದಲ್ಲಿ ಚೆಲ್ಲಿದ ಎಣ್ಣೆಯ ಮೇಲೆ ಕಾಲಿಟ್ಟು ಜಾರಿದ. ಎಡ ಮಂಡಿ ತಿರುಚಿಕೊಂಡಿತು. ಮೂಳೆ ಡಾಕ್ಟರು ಎಕ್ಸ್-ರೇ ಫಿಲ್ಮನ್ನು ಬೆಳಕಿಗೆ ಹಿಡಿದು, "ಇಳಿಜಾರು ಬೇಡ" ಎಂದರು. ಉಳಿದ ಮೂರು ಶಿಖರಗಳನ್ನು ಅವನು ಮಂಡಿಗೆ ಪಟ್ಟಿ ಬಿಗಿದುಕೊಂಡು, ಹಲ್ಲು ಕಚ್ಚಿ, ವರ್ಷಕ್ಕೊಂದರಂತೆ ಮುಗಿಸಿದ. ಇಪ್ಪತ್ತೈದನೆಯ ಮೊಹರು ಒತ್ತಿ ಮನೆಗೆ ಬಂದ ಸಂಜೆ ಬೂಟು ಬಿಚ್ಚಿ ಕಪಾಟಿನ ಮೇಲೆ ಎಸೆದು, "ಮುಗೀತು" ಎಂದ.

"ಸದ್ಯ" ಎಂದಳು ಹೆಂಡತಿ.

ಅವಳು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸದವಳು. ಹಾಗಾಗಿ ಹದಿನೈದು ದಿನ ಕಳೆದು ಬಂದ ಸಂಘದ ಲಕೋಟೆ ಮೊದಲು ಸಿಕ್ಕಿದ್ದು ಅವಳ ಕೈಗೆ. ಕಾರ್ಯದರ್ಶಿಯ ಮುತ್ತು ಪೋಣಿಸಿದಂಥ ಅಕ್ಷರ ಅವಳಿಗೆ ಗೊತ್ತಿತ್ತು. ಒಳಗೆ ಏನಿದೆಯೆಂದು ಗೊತ್ತಿರಲಿಲ್ಲ, ಆದರೆ ಒಳ್ಳೆಯ ಸುದ್ದಿಗೆ ಆ ಮನುಷ್ಯ ಇಷ್ಟು ಭಾರದ ಕಾಗದ ಬರೆಯುವವರಲ್ಲ ಎಂದು ಅನ್ನಿಸಿ, ಗಂಡ ಊಟ ಮುಗಿಸಿ ಕೈ ತೊಳೆಯುವವರೆಗೆ ಲಕೋಟೆಯನ್ನು ಚೀಲದಿಂದ ತೆಗೆಯಲೇ ಇಲ್ಲ.

ಲಿಫ್ಟಣ್ಣ ಗಟ್ಟಿಯಾಗಿ ಓದಿದ. "ತಮಗೆ ತಿಳಿಸಬಯಸುವುದೇನೆಂದರೆ, ಇತ್ತೀಚೆಗೆ ನಡೆದ ಮರು ಅಳತೆಯಲ್ಲಿ ಏಳನೇ ಶಿಖರದ ಎರಡು ಡುಬ್ಬಗಳಲ್ಲಿ ಈಚೆ ಡುಬ್ಬಕ್ಕಿಂತ ಆಚೆ ಡುಬ್ಬವು ಮೂರು ಮೀಟರು ನಲವತ್ತು ಸೆಂಟಿಮೀಟರು ಹೆಚ್ಚು ಎತ್ತರವಿರುವುದು ಕಂಡುಬಂದಿರುತ್ತದೆ. ತಾವು ಒತ್ತಿಕೊಂಡಿರುವ ಮೊಹರು ಈಚೆ ಡುಬ್ಬದ್ದಾಗಿರುವುದರಿಂದ ತಮ್ಮ ಪೂರ್ಣತೆಯನ್ನು ಸದ್ಯಕ್ಕೆ ತಡೆಹಿಡಿಯಲಾಗಿದೆ. ಸಹಕರಿಸಬೇಕಾಗಿ ವಿನಂತಿ."

ಓದಿ ಮುಗಿಸಿ ಇನ್ನೊಮ್ಮೆ ಓದಿದ. ಎರಡನೇ ಸಲಕ್ಕೆ ಕಿವಿ ಕೆಂಪಾದವು.

"ಒಂಬತ್ತು ವರ್ಷದ ಹಿಂದೆ ಹತ್ತಿದ್ದು ಕಣೇ! ಕಂಬ ಅವರೇ ನೆಟ್ಟಿದ್ದು, ಡಬ್ಬಿ ಅವರೇ ಕಟ್ಟಿದ್ದು. ಅವರು ಎಲ್ಲಿ ನೆಟ್ಟಿದ್ರೋ ಅಲ್ಲಿ ಹೋಗಿ ಒತ್ಕೊಂಡೆ. ಈಗ ಬೆಟ್ಟ ಪಕ್ಕಕ್ಕೆ ಸರೀತಾ?"

"ಬೆಟ್ಟ ಸರೀಲಿಲ್ಲ, ಅವರ ಟೇಪು ಸರಿದಿರ್ಬೇಕು. ನಂಗೇನು ಕೇಳ್ತೀರಿ, ಅವರನ್ನೇ ಕೇಳಿ" ಎಂದಳು ಅವಳು.

ಮರುದಿನ ಕೆಲಸ ಮುಗಿದ ಕೂಡಲೇ ಕೈಯ ಗ್ರೀಸು ಕೂಡ ಒರೆಸಿಕೊಳ್ಳದೆ ಸಂಘದ ಕೋಣೆಗೆ ಹೋದ. ಸೈಕಲ್ ಅಂಗಡಿಯ ಮೇಲಿನ ಒಂಟಿ ಕೋಣೆ ಅದು. ಒಂದು ಮೇಜು, ಕಾಲು ಅಲ್ಲಾಡುವ ಮೂರು ಕುರ್ಚಿ, ಗೋಡೆಯ ತುಂಬ ನಕಾಶೆ. ಕಾರ್ಯದರ್ಶಿ ಭೂಮಾಪನ ಕಚೇರಿಯಲ್ಲಿದ್ದು ನಿವೃತ್ತರಾದವರು. ಬಿದಿರಿನ ಗಳದಂಥ ಆಳು. ನೆಟ್ಟಗೆ ಕೂರುತ್ತಿದ್ದರು, ನೆಟ್ಟಗೆ ನಡೆಯುತ್ತಿದ್ದರು, ಮಾತಾಡಿದರೆ ಗೋಡೆಗೆ ಅಂಟಿಸಿದ ನೋಟೀಸು ಓದಿದಂತೆ ಕೇಳುತ್ತಿತ್ತು.

"ಬನ್ನಿ, ಕಾಗದ ತಲುಪ್ತು ಅಂತ ಕಾಣುತ್ತೆ" ಎಂದರು.

ಲಿಫ್ಟಣ್ಣ ಹಲಗೆಯತ್ತ ಕೈ ಮಾಡಿದ. ಅಲ್ಲಿ ಹದಿನಾಲ್ಕು ಹೆಸರುಗಳಿದ್ದವು. "ಈ ಹದಿನಾಲ್ಕು ಜನ ಎಲ್ಲಿ ಹತ್ತಿದ್ದು ಸ್ವಾಮಿ? ಈಚೆ ಡುಬ್ಬಾನಾ, ಆಚೆ ಡುಬ್ಬಾನಾ?"

"ಈಚೆ."

"ಮತ್ತೆ ಅವರ ಹೆಸರು?"

"ಹಳೇ ಪ್ರಕರಣ ತೆರೆಯೋದು ಬೇಡ ಅಂತ ಸಭೇಲಿ ತೀರ್ಮಾನ ಆಯ್ತು. ಪತ್ರದ ತಾರೀಕಿನಿಂದ ಮುಂದಿನವರಿಗೆ ಅನ್ವಯ."

"ನಾನು ಮುಗಿಸಿದ್ದು ಪತ್ರಕ್ಕೆ ಹದಿನೈದು ದಿನ ಮೊದ್ಲು."

"ಆದರೆ ಹೆಸರು ಬರೆಸಿರಲಿಲ್ಲ. ಬಣ್ಣ ಬರೆಯೋರು ಊರಲ್ಲಿರಲಿಲ್ಲ."

ಲಿಫ್ಟಣ್ಣನಿಗೆ ಮೈ ಪರಚಿಕೊಳ್ಳುವಂತಾಯಿತು. "ಆ ಸಭೇಲಿ ಎಷ್ಟು ಜನ ಇದ್ರಿ?"

"ಕೋರಂ ಇತ್ತು" ಎಂದರು ಕಾರ್ಯದರ್ಶಿ.

ಹಲಗೆಯ ಮೇಲಿನ ಮೊದಲನೆಯ ಹೆಸರು ಅವರದ್ದೇ. ಲಿಫ್ಟಣ್ಣ ಅದನ್ನೊಮ್ಮೆ, ಅವರನ್ನೊಮ್ಮೆ ನೋಡಿದ. ಕಾರ್ಯದರ್ಶಿ ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸಿದ್ದನ್ನೇ ಒರೆಸಿದರು. ಇನ್ನು ಇಲ್ಲಿ ನಿಂತರೆ ಕೈ ಮೀರುತ್ತದೆಂದು ಲಿಫ್ಟಣ್ಣ ಕಾರ್ಡನ್ನು ಮೇಜಿನ ಮೇಲೆ ಬಿಸಾಕಿ, "ನೀವೇ ಇಟ್ಕೊಳ್ಳಿ, ಬೇಸಿಗೇಲಿ ಬೀಸ್ಕೊಳ್ಳೋಕಾಗುತ್ತೆ" ಎಂದು ಹೊರಬಿದ್ದ.

ಮುಂದಿನ ಐದು ತಿಂಗಳು ಮನೆಯಲ್ಲಿ ಅದೊಂದೇ ಮಾತು. ಬೆಳಿಗ್ಗೆ ಹಲ್ಲುಜ್ಜುತ್ತಾ ಮೂರು ಮೀಟರು ನಲವತ್ತು ಸೆಂಟಿಮೀಟರು ಎನ್ನುವನು. ಗೋಡೆಗೆ ಟೇಪು ಹಿಡಿದು ಅಳೆದು, ಪೆನ್ಸಿಲಿನಲ್ಲಿ ಗೆರೆ ಎಳೆಯಲು ಹೋದರೆ ಗೋಡೆ ಸಾಲದೆ ಗೆರೆ ಸೂರಿಗೆ ಹೋಯಿತು. ಮಗಳು ಫೋನು ಮಾಡಿದರೆ ಅವಳಿಗೂ ಅದೇ ಪುರಾಣ. "ಅಪ್ಪಾ, ನಾನೀಗ ಡ್ಯೂಟೀಲಿದ್ದೀನಿ" ಎಂದು ಅವಳು ಇಟ್ಟುಬಿಡುತ್ತಿದ್ದಳು. ಹಲ್ಲಿನ ಡಾಕ್ಟರು ಎರಡು ಸಲ, "ಹೋಗ್ಬರೋಣ ಅಣ್ಣ, ನಾನೂ ಬರ್ತೀನಿ" ಎಂದು ಕರೆದರು. ಹೋದರೆ ತಪ್ಪು ಒಪ್ಪಿಕೊಂಡಂತೆ ಎಂದು ಇವನು ಮುಖ ಊದಿಸಿಕೊಂಡೇ ಇದ್ದ.

ಹೆಂಡತಿ ಸಹಿಸುವಷ್ಟು ಸಹಿಸಿದಳು. ಒಂದು ಬೆಳಿಗ್ಗೆ ತಿಂಡಿಯ ತಟ್ಟೆಯನ್ನು ಠಪ್ಪನೆ ಇಟ್ಟು ಕೇಳಿದಳು: "ರೀ, ಲಿಫ್ಟು ಮಹಡಿಗಿಂತ ಒಂದಂಗುಲ ಕೆಳಗೆ ನಿಂತ್ರೆ ನೀವು ಏನ್ಮಾಡ್ತೀರಿ?"

"ಸರಿ ಮಾಡ್ತೀನಿ. ಯಾಕೆ?"

"ಒಂದಂಗುಲ ತಾನೆ, ಜನ ಕಾಲೆತ್ತಿ ಇಟ್ಕೊಂಡು ಹೋಗ್ತಾರೆ, ಬಿಡಬಹುದಲ್ಲ?"

"ಬಿಡೋದಾ? ಎಡವಿ ಮೂಗು ಒಡ್ಕೊಂಡ್ರೆ? ಅದು ಮಹಡಿಗೆ ಬಂದ ಹಾಗೇ ಅಲ್ಲ."

ಹೇಳಿದ ಮೇಲೆ ಅವನಿಗೆ ತಾನು ಎಲ್ಲಿ ಸಿಕ್ಕಿಬಿದ್ದೆ ಎಂದು ಗೊತ್ತಾಯಿತು. ಹೆಂಡತಿ ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಹೊರಟುಹೋದಳು. ಅವನ ಸಿಟ್ಟು ಇಮ್ಮಡಿಯಾಯಿತು. ಕಾರ್ಯದರ್ಶಿಯ ಮೇಲೆ ಸಿಟ್ಟಾಗುವುದು ಸುಲಭವಿತ್ತು. ಅಳತೆ ನಿಜವಾಗಿದ್ದರೆ ಮೇಲೆ ಹೋಗದವನು ತಾನೇ ಎಂಬುದನ್ನು ಅವನೂ ಒಳಗೊಳಗೆ ಬಲ್ಲ. ಐದು ತಿಂಗಳಿಂದ ಕೂಗಾಡುತ್ತಿದ್ದದ್ದೂ ಅದು ಕೇಳಿಸಬಾರದೆಂದೇ.

ಆ ಭಾನುವಾರ ಯಾರಿಗೂ ಹೇಳದೆ ಒಬ್ಬನೇ ಹೊರಟ. ಮೊದಲ ಬಸ್ಸು ಹಿಡಿದು, ಇಳಿದು, ಕೋಲೂರಿಕೊಂಡು ನಾಲ್ಕು ಗಂಟೆ ಹತ್ತಿ ಈಚೆ ಡುಬ್ಬ ಮುಟ್ಟಿದ. ಮುಟ್ಟುವಷ್ಟರಲ್ಲಿ ಮಂಜು ಕವಿಯಿತು. ಆಚೆ ಡುಬ್ಬ ಹೋಗಲಿ, ತನ್ನ ಕೋಲಿನ ತುದಿಯೂ ಕಾಣುತ್ತಿರಲಿಲ್ಲ. ಹಳೆಯ ಕಂಬಕ್ಕೆ ಒರಗಿ ಒಂದೂವರೆ ಗಂಟೆ ಕಾದ. ಮಂಜು ಹಂದಾಡಲಿಲ್ಲ. "ಸರಿಯಪ್ಪಾ, ನೀನೂ ಸಂಘಕ್ಕೆ ಸೇರ್ಕೋ" ಎಂದು ಮಂಜಿಗೇ ಬೈದು ಇಳಿಯಲು ತೊಡಗಿದ. ಅರ್ಧ ದಾರಿಯಲ್ಲಿ ಮಂಡಿ ಮಡಚಲು ಒಪ್ಪದೆ ಹೋಯಿತು. ಉಳಿದ ಅರ್ಧವನ್ನು ಕುಂಡೆಯ ಮೇಲೆ ಕೂತು, ಎಳೆ ಮಗುವಿನ ಹಾಗೆ ಜಾರಿಕೊಂಡು ಇಳಿದ.

ಮನೆಗೆ ಬಂದು ಏನೂ ಆಗದವನಂತೆ ಪೇಪರು ಹಿಡಿದು ಕೂತ. ಒಗೆಯಲು ಹಾಕಿದ ಪ್ಯಾಂಟನ್ನು ಹೆಂಡತಿ ಬೆಳಕಿಗೆ ಹಿಡಿದಳು. ಹಿಂಭಾಗದಲ್ಲಿ ಎರಡು ಕಿಟಕಿ ತೆರೆದಿದ್ದವು. ಅವಳು ಪ್ಯಾಂಟನ್ನು ಕೆಳಗಿಟ್ಟು ನೇರವಾಗಿ ಹಲ್ಲಿನ ಡಾಕ್ಟರಿಗೆ ಫೋನು ಮಾಡಿದಳು.

"ಯಾರನ್ನ ಕೇಳಿ ಫೋನ್ ಮಾಡ್ದೆ?" ಎಂದು ಲಿಫ್ಟಣ್ಣ ಹಾರಾಡಿದ.

"ಪ್ಯಾಂಟನ್ನ ಕೇಳಿ" ಎಂದಳು ಅವಳು.

ಎರಡು ವಾರ ಬಿಟ್ಟು, ಆಕಾಶ ತಿಳಿಯಾಗಿದ್ದ ಒಂದು ಮುಂಜಾನೆ, ಮನೆಯ ಮುಂದೆ ವ್ಯಾನು ಬಂದು ನಿಂತಿತು. ಓಡಿಸುತ್ತಿದ್ದವನು ಶಾಲಾ ಬಸ್ಸಿನ ಡ್ರೈವರು. ಅವನೂ ಸಂಘದ ಸದಸ್ಯ, ಎತ್ತಿನಂಥ ಹೆಗಲಿನವನು, ಹಾಡಿನ ಹುಚ್ಚಿನವನು. ಪಕ್ಕದಲ್ಲಿ ಹಲ್ಲಿನ ಡಾಕ್ಟರು. ಹಿಂದಿನ ಸೀಟಿನಲ್ಲಿ ಕೊಡೆ, ಚೀಲ, ನಕಾಶೆಯ ಸುರುಳಿಯ ಸಮೇತ ನೆಟ್ಟಗೆ ಕೂತಿದ್ದವರು ಕಾರ್ಯದರ್ಶಿ.

ಲಿಫ್ಟಣ್ಣ ವ್ಯಾನಿನ ಬಾಗಿಲಲ್ಲೇ ನಿಂತ. "ಇವರ್ಯಾಕೆ?"

"ಖುದ್ದು ಪರಿಶೀಲನೆಗೆ" ಎಂದರು ಕಾರ್ಯದರ್ಶಿ.

"ನಾನು ಮೋಸ ಮಾಡ್ತೀನಿ ಅಂತಾನಾ?"

"ಹತ್ತಿ ಯಜಮಾನ್ರೇ, ಬಿಸಿಲೇರುತ್ತೆ" ಎಂದು ಡ್ರೈವರು ಹಾರನ್ನು ಒತ್ತಿದ. ಹೆಂಡತಿ ಹಿಂದಿನಿಂದ ಬೆನ್ನಿಗೆ ಕೈಕೊಟ್ಟಳು. ಅದು ಹತ್ತಿಸಿದ್ದೋ ತಳ್ಳಿದ್ದೋ ಹೇಳುವುದು ಕಷ್ಟ.

ಬೆಟ್ಟದ ಬುಡದಲ್ಲಿ ಇನ್ನೊಂದು ತಕರಾರು ಶುರುವಾಯಿತು. ಇವನು ಬೂಟಿನ ದಾರ ಕಟ್ಟಿಕೊಂಡು ಏಳುವಷ್ಟರಲ್ಲಿ ಇವನ ಚೀಲ ಖಾಲಿಯಾಗಿತ್ತು. ನೀರಿನ ಬಾಟಲಿಗಳು ಡ್ರೈವರಿನ ಚೀಲಕ್ಕೆ, ಬ್ರೆಡ್ಡು ಬಿಸ್ಕತ್ತು ಡಾಕ್ಟರ ಚೀಲಕ್ಕೆ, ಸ್ವೆಟರು ಕಾರ್ಯದರ್ಶಿಯ ಚೀಲಕ್ಕೆ ಹೋಗಿದ್ದವು.

"ನನ್ನ ಸಾಮಾನು ನಾನು ಹೊರ್ತೀನಿ. ಕೊಡಿ ಇಲ್ಲಿ."

"ನಿಮ್ಮ ಮಂಡಿ ನೀವು ಹೊರಿ ಅಣ್ಣ, ಅಷ್ಟು ಸಾಕು" ಎಂದರು ಡಾಕ್ಟರು.

ದಾರಿಯುದ್ದಕ್ಕೂ ಅವನಿಗೆ ಮೈಯೆಲ್ಲ ಉರಿ. ಡ್ರೈವರು ಮುಂದೆ ಹಾಡುತ್ತಾ ಹೋಗುತ್ತಿದ್ದ. ಎಲ್ಲ ಹಾಡಿಗೂ ಒಂದೇ ಧಾಟಿ. ಡಾಕ್ಟರು ಹಿಂದೆ ಬರುತ್ತಾ ಯಾರದೋ ಕಡೆಹಲ್ಲನ್ನು ಕಿತ್ತ ಕಥೆಯನ್ನು, ಬೇರು ಎಷ್ಟು ಸೊಟ್ಟಗಿತ್ತು ಎಂಬುದರವರೆಗೆ ಹೇಳಿದರು. ಕಾರ್ಯದರ್ಶಿ ನೂರು ಹೆಜ್ಜೆಗೊಮ್ಮೆ ನಿಂತು, ಅಂಗೈಯಗಲದ ಯಂತ್ರವನ್ನು ಆಕಾಶಕ್ಕೆ ಹಿಡಿದು, ಪುಸ್ತಕದಲ್ಲಿ ಎತ್ತರ ಬರೆದುಕೊಳ್ಳುತ್ತಿದ್ದರು. ಆಗೆಲ್ಲ ಎಲ್ಲರೂ ನಿಲ್ಲಬೇಕು.

"ಇವರು ಬೆಟ್ಟ ಹತ್ತೋಕೆ ಬಂದಿದ್ದಾರೋ ಬೆಟ್ಟಕ್ಕೆ ಅಂಗಿ ಹೊಲಿಸೋಕೋ?" ಎಂದು ಲಿಫ್ಟಣ್ಣ ಹಲ್ಲು ಕಡಿದ. ಆದರೆ ಆ ಪ್ರತಿ ನಿಲುಗಡೆಯೂ ತನ್ನ ಮಂಡಿ ನಡುಗಲು ಶುರುವಾದ ಹೊತ್ತಿಗೇ ಸರಿಯಾಗಿ ಬರುತ್ತಿದ್ದುದನ್ನು ಅವನು ಗಮನಿಸದೆ ಇರಲಿಲ್ಲ. ಒಂದು ಸಲ ಇಣುಕಿ ನೋಡಿದ. ಪುಸ್ತಕದಲ್ಲಿ ಕಾರ್ಯದರ್ಶಿ ಒಂದೇ ಸಂಖ್ಯೆಯನ್ನು ಎರಡು ಸಲ ಬರೆದಿದ್ದರು.

ಈಚೆ ಡುಬ್ಬಕ್ಕೆ ಬರುವಾಗ ಹನ್ನೊಂದು ಗಂಟೆ. ಮಂಜಿರಲಿಲ್ಲ. ಎದುರಿಗೆ ಆಚೆ ಡುಬ್ಬ ಸ್ಪಷ್ಟವಾಗಿ ಕಾಣುತ್ತಿತ್ತು. ಬರಿಗಣ್ಣಿಗೇ ಎತ್ತರ. ಒಂಬತ್ತು ವರ್ಷದ ಹಿಂದೆ ಇಲ್ಲೇ ಕೂತು ಬ್ರೆಡ್ಡು ತಿನ್ನುತ್ತಾ ಅದನ್ನು ನೋಡಿದ್ದು ಅವನಿಗೆ ನೆನಪಾಯಿತು. ಎತ್ತರವಿದೆಯಲ್ಲ ಎಂದು ಆಗಲೂ ಅನ್ನಿಸಿತ್ತು. ಡಬ್ಬಿ ಇಲ್ಲಿದೆ, ನನಗೇನು ಎಂದು ಬಿಟ್ಟಿದ್ದ.

ನಡುವೆ ಕತ್ತಿಯ ಬೆನ್ನಿನಂಥ ತಗ್ಗು. ಅದನ್ನು ದಾಟಿದ ಮೇಲೆ ಒಂದೂವರೆ ಆಳೆತ್ತರದ ಬಂಡೆ. ಬಳಸಿ ಹೋಗಲು ಜಾಗವಿಲ್ಲ, ಎರಡು ಕಡೆಯೂ ಜಾರು. ಕಾರ್ಯದರ್ಶಿ ಅರವತ್ತಾರರ ವಯಸ್ಸಿನಲ್ಲಿ ಹಲ್ಲಿಯಂತೆ ಹತ್ತಿ ಮೇಲೆ ಹೋಗಿಬಿಟ್ಟರು. ಲಿಫ್ಟಣ್ಣನೂ ಬಲಗಾಲನ್ನು ಬಿರುಕಿಗೆ ಕೊಟ್ಟು, ಕೈ ಚಾಚಿ ಮೇಲಿನ ಅಂಚು ಹಿಡಿದ. ಎಡಗಾಲನ್ನು ಎತ್ತಲು ಹೋದ. ಮಂಡಿ ಅರ್ಧಕ್ಕೆ ಬಂದು ನಿಂತಿತು. ಮೇಲೂ ಇಲ್ಲ, ಕೆಳಗೂ ಇಲ್ಲ. ಬಂಡೆಗೆ ಎದೆ ಒತ್ತಿ ಹಾಗೇ ಉಳಿದ.

"ಏನಾಯ್ತು?" ಎಂದರು ಮೇಲಿನಿಂದ ಕಾರ್ಯದರ್ಶಿ.

"ಏನಿಲ್ಲ, ಗಾಳಿ ತಗೋತಿದ್ದೀನಿ" ಎಂದು ಲಿಫ್ಟಣ್ಣ ಬಂಡೆಗೆ ಹೇಳಿದ.

ಕೆಳಗಿನಿಂದ ಡಾಕ್ಟರ ದನಿ ಕೇಳಿತು. "ಗಾಬರಿ ಆಗ್ಬೇಡಿ ಅಣ್ಣ. ಐದೇ ನಿಮಿಷ."

ಆ ಮಾತನ್ನು ಅವನು ಸಾವಿರ ಸಲ ಹೇಳಿದ್ದ. ಕೇಳಿಸಿಕೊಂಡದ್ದು ಇದೇ ಮೊದಲು. ಎಂಥ ದರಿದ್ರ ಮಾತು ಇದು ಎಂದುಕೊಂಡ. ಐದು ನಿಮಿಷವೆಂದರೆ ಎಷ್ಟು ಹೊತ್ತು ಎಂದು ಹೇಳುವವನಿಗೇನು ಗೊತ್ತು? ಆಕೆ ಬೇಕೆಂದೇ ಅಂದರೋ ಏನೋ ಎಂದು ಕತ್ತು ತಿರುಗಿಸಿ ನೋಡಿದ. ಡಾಕ್ಟರ ಮುಖದಲ್ಲಿ ನಗುವಿರಲಿಲ್ಲ, ಎರಡೂ ಕೈಗಳಿಂದ ಅವನ ಬಲಗಾಲಿನ ಬೂಟನ್ನು ಬಿರುಕಿಗೆ ಒತ್ತಿ ಹಿಡಿದಿದ್ದರು.

ಡ್ರೈವರು ಬಂದು ಅವನ ಕೆಳಗೆ ಬಾಗಿ ನಿಂತ. "ಯಜಮಾನ್ರೇ, ಎಡಗಾಲು ನನ್ನ ಹೆಗಲ ಮೇಲಿಡಿ."

"ಬೂಟೆಲ್ಲ ಕೆಸರಾಗಿದೆ."

"ನನ್ನ ಶರ್ಟು ಒಗೆಯೋದು ನೀವಲ್ವಲ್ಲ. ಇಡಿ."

ಮೇಲಿನಿಂದ ಕಾರ್ಯದರ್ಶಿ ಚೀಲದೊಳಗಿನ ಅಗಲವಾದ ನೈಲಾನ್ ಪಟ್ಟಿಯೊಂದನ್ನು ತೆಗೆದು ಇಳಿಬಿಟ್ಟರು. ಇನ್ನೊಂದು ತುದಿಯನ್ನು ತಮ್ಮ ಸೊಂಟಕ್ಕೇ ಕಟ್ಟಿಕೊಂಡಿದ್ದರು. ಅದನ್ನು ಕಂಡದ್ದೇ ಲಿಫ್ಟಣ್ಣನ ಮೂವತ್ತನಾಲ್ಕು ವರ್ಷದ ಕಸುಬು ಬಾಯಿಗೆ ಬಂತು.

"ರೀ ಸ್ವಾಮಿ! ನನ್ನ ತೂಕ ಎಂಬತ್ತೆರಡು, ನೀವು ಐವತ್ತಿದ್ರೆ ಹೆಚ್ಚು. ನಾನು ಜಾರಿದ್ರೆ ನೀವು ನನ್ನ ತಲೆ ಮೇಲಿಂದ ಹಾರಿ ಕೆಳಗೆ ಹೋಗ್ತೀರಿ. ಬಿಚ್ಚಿ ಮೊದ್ಲು! ಹಿಂದೆ ಬಂಡೆ ಕೊಂಬಿನ ಥರ ಎದ್ದಿದೆಯಲ್ಲ, ಅದಕ್ಕೆ ಎರಡು ಸುತ್ತು ಹಾಕಿ. ಎರಡು ಅಂದೆ! ಈಗ ತುದಿ ಹಿಡ್ಕೊಳ್ಳಿ. ಎಳೀಬೇಡಿ, ಸಡಿಲ ಆದಷ್ಟನ್ನ ಒಳಗೆ ತಗೋತಾ ಹೋಗಿ. ಡಾಕ್ಟ್ರಮ್ಮ, ಆ ಬೂಟು ಬಿಡಬೇಡಿ. ಏಯ್ ಡ್ರೈವರಣ್ಣ, ಮೂರು ಅಂದಾಗ ಎದ್ದು ನಿಲ್ಲು, ಅದಕ್ಕೆ ಮುಂಚೆ ಎದ್ಯೋ ನೋಡು!"

ಬಂಡೆಗೆ ಜೋತುಬಿದ್ದೇ ಮೂರು ಜನಕ್ಕೂ ಹೀಗೆ ಗದರಿಸಿ, ಪಟ್ಟಿಯನ್ನು ಕಂಕುಳಡಿಗೆ ಹಾಯಿಸಿಕೊಂಡ. "ಒಂದು, ಎರಡು, ಮೂರು" ಎಂದ. ಡ್ರೈವರು ನರಳುತ್ತಾ ಎದ್ದು ನಿಂತ. ಲಿಫ್ಟಣ್ಣನ ಹೊಟ್ಟೆ ಬಂಡೆಯ ಅಂಚಿಗೆ ಬಂತು. ಅಲ್ಲಿಂದ ಮುಂದಿನದ್ದರಲ್ಲಿ ಮರ್ಯಾದೆಯ ಪ್ರಶ್ನೆಯೇ ಇರಲಿಲ್ಲ. ಕೆಳಗಿನಿಂದ ಯಾರೋ ಕುಂಡೆಗೆ ಕೈಕೊಟ್ಟು ನೂಕಿದರು. ಅದು ಯಾರ ಕೈಯೆಂದು ಅವನು ಆಮೇಲೂ ಕೇಳಲಿಲ್ಲ. ಮೇಲಿನಿಂದ ಕಾರ್ಯದರ್ಶಿ ಅಂಗಿಯ ಕಾಲರು ಹಿಡಿದು ಜಗ್ಗಿದರು, ಎರಡು ಗುಂಡಿ ಹಾರಿಹೋದವು. ಗೋಣಿಚೀಲ ಲಾರಿಗೆ ಬಿದ್ದ ಹಾಗೆ ಲಿಫ್ಟಣ್ಣ ಬಂಡೆಯ ಮೇಲೆ ಮುಖ ಅಡಿಯಾಗಿ ಬಿದ್ದ.

ಡಾಕ್ಟರೂ ಡ್ರೈವರೂ ಅದೇ ಪಟ್ಟಿ ಹಿಡಿದು ಮೇಲೆ ಬಂದರು. ಎಲ್ಲರೂ ಏದುಸಿರು ಬಿಡುತ್ತಿದ್ದರು. ಡ್ರೈವರಿನ ಹೆಗಲ ಮೇಲೆ ಬೂಟಿನ ಅಚ್ಚು ಮೊಹರು ಒತ್ತಿದ ಹಾಗೆ ಮೂಡಿತ್ತು. ಲಿಫ್ಟಣ್ಣನಿಗೆ ಥ್ಯಾಂಕ್ಸ್ ಹೇಳಬೇಕೆನ್ನಿಸಿತು. ಆದರೆ ಬಾಯಿಗೆ ಬಂದದ್ದು, "ಎರಡು ಗುಂಡಿ ಹೋಯ್ತು" ಎಂಬ ಮಾತು.

ಶಿಖರ ಅಲ್ಲಿಂದ ಮೂವತ್ತು ಹೆಜ್ಜೆ. ಮೇಲೆ ಏನೂ ಇರಲಿಲ್ಲ. ಕಂಬವಿಲ್ಲ, ಡಬ್ಬಿಯಿಲ್ಲ, ಮಂಡಿಯೆತ್ತರದ ಒಂದು ಚಪ್ಪಟೆ ಕಲ್ಲು, ಅದರ ಸುತ್ತ ಹುಲ್ಲು. ಆ ಕಲ್ಲೇ ತುದಿ. ಇನ್ನು ಹತ್ತು ಹೆಜ್ಜೆ ಇದೆ ಎನ್ನುವಾಗ ಕಾರ್ಯದರ್ಶಿ ನಿಂತುಬಿಟ್ಟರು. ಕನ್ನಡಕ ತೆಗೆದು ಒರೆಸತೊಡಗಿದರು.

"ಒಂದು ಮಾತು" ಎಂದರು. ಈ ಸಲ ನೋಟೀಸಿನ ದನಿಯಿರಲಿಲ್ಲ. "ಆ ಕಂಬ ನೆಟ್ಟಿದ್ದು ನಾನೇ. ಇಪ್ಪತ್ತು ವರ್ಷದ ಹಿಂದೆ. ಅವತ್ತು ಈ ಬಂಡೆ ನೋಡಿ ಹೆದರಿಕೆ ಆಯ್ತು. ಎರಡೂ ಒಂದೇ ಎತ್ತರ ಅಂತ ಬರೆದುಬಿಟ್ಟೆ. ಅಳತೆ ಮಾಡೋದೇ ನನ್ನ ಕೆಲಸ, ಅಳೀಲೇ ಇಲ್ಲ. ಮರು ಅಳತೆ ಮಾಡಿಸಿದ್ದೂ ನಾನೇ, ತಡಕೊಳ್ಳೋಕಾಗ್ದೆ."

ಲಿಫ್ಟಣ್ಣ ಅವರನ್ನೇ ನೋಡಿದ. "ಅಂದ್ರೆ ನೀವೂ ಇಲ್ಲಿಗೆ ಬಂದಿಲ್ಲ."

"ಇಲ್ಲ. ಹಲಗೆ ಮೇಲಿನ ನನ್ನ ಹೆಸರು ಅಳಿಸಿ ಅಂತ ಸಭೇಲಿ ಹೇಳಿದೆ. ಹದಿನಾಲ್ಕೂ ಅಳಿಸಬೇಕಾಗುತ್ತೆ, ಗಲಾಟೆ ಆಗುತ್ತೆ, ಬೇಡ ಅಂದ್ರು."

"ಈ ಮಾತನ್ನ ಅವತ್ತೇ ಹೇಳಿದ್ರೆ ನಾನು ಅವತ್ತೇ ನಿಮ್ಮ ಜೊತೆ ಹೊರಡ್ತಿದ್ದೆನಲ್ರೀ!" ಲಿಫ್ಟಣ್ಣನ ದನಿ ಬೆಟ್ಟದ ಆಚೆಗೂ ಕೇಳುವಷ್ಟು ಏರಿತು. "ಐದು ತಿಂಗಳು! ಐದು ತಿಂಗಳು ನನ್ನ ಹೆಂಡತಿ ಜೀವ ತಿಂದೆ. ಕೋರಂ ಇತ್ತಂತೆ, ಕೋರಂ!"

ಕಾರ್ಯದರ್ಶಿ ತಲೆ ತಗ್ಗಿಸಿದರು. ಆ ಗಳದಂಥ ಆಳು ತಲೆ ತಗ್ಗಿಸಿ ನಿಂತದ್ದನ್ನು ಕಂಡು ಲಿಫ್ಟಣ್ಣ ಗುಂಡಿ ಹಾರಿದ ಅಂಗಿಯನ್ನು ಎಳೆದುಕೊಂಡ. ಈ ಮನುಷ್ಯ ನೂರು ಹೆಜ್ಜೆಗೊಮ್ಮೆ ನಿಂತದ್ದು, ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡದ್ದು ಕಣ್ಣ ಮುಂದೆ ಬಂತು. ಅದೂ ರೇಗಿಸಿತು. ನೆಟ್ಟಗೆ ಸಿಟ್ಟು ಮಾಡಿಕೊಳ್ಳಲೂ ಬಿಡದ ಜನ.

"ಸರಿ, ಹತ್ತಿ ಕಲ್ಲಿನ ಮೇಲೆ. ನೀವು ಮೊದ್ಲು" ಎಂದ.

"ಇಲ್ಲ ಇಲ್ಲ, ನೀವು ಮೊದಲು. ಅನ್ಯಾಯ ಆಗಿರೋದು ನಿಮಗೆ."

"ವಯಸ್ಸಲ್ಲಿ ದೊಡ್ಡೋರು ನೀವು."

"ನಿಮ್ಮ ಮಂಡಿ..."

"ನನ್ನ ಮಂಡಿ ಸುದ್ದಿ ಬೇಡ! ಹತ್ರೀ ಅಂದ್ರೆ!"

"ದಯವಿಟ್ಟು ನೀವೇ."

ಹೀಗೆ ಇಬ್ಬರೂ ಕಲ್ಲಿನ ಎರಡು ಕಡೆ ನಿಂತು ಕೈ ತೋರಿಸುತ್ತಾ ಹೋದರು. ಬಿಸಿಲು ನೆತ್ತಿಗೆ ಬಂದಿತ್ತು. ಡ್ರೈವರು ಹುಲ್ಲಿನ ಮೇಲೆ ಉರುಳಿ ಬಿಸ್ಕತ್ತಿನ ಪೊಟ್ಟಣ ಒಡೆದಿದ್ದ. ಹಲ್ಲಿನ ಡಾಕ್ಟರು ಅವರನ್ನೊಮ್ಮೆ, ಇವನನ್ನೊಮ್ಮೆ ನೋಡಿದರು. ಕೊನೆಗೆ ಸೊಂಟದ ಮೇಲಿನ ಕೈ ತೆಗೆದು, "ಹನ್ನೊಂದು ವರ್ಷದಲ್ಲಿ ಒಂಬತ್ತು ಶಿಖರ ಹತ್ತಿದೋಳು ನಾನು. ನನಗೆ ಹಸಿವಾಗಿದೆ" ಎಂದು ಇಬ್ಬರ ನಡುವೆ ನುಗ್ಗಿ, ಕಲ್ಲಿನ ಮೇಲೆ ಹತ್ತಿ ನಿಂತುಬಿಟ್ಟರು.

ಮೊದಲು ನಕ್ಕದ್ದು ಡ್ರೈವರು. ಕಾರ್ಯದರ್ಶಿ ನಕ್ಕಾಗ ಅವರಿಗೆ ಮುಂದಿನ ಎರಡು ಹಲ್ಲುಗಳ ನಡುವೆ ಸಂದಿಯಿದೆಯೆಂದು ಲಿಫ್ಟಣ್ಣನಿಗೆ ಗೊತ್ತಾಯಿತು. ಹನ್ನೊಂದು ವರ್ಷದಲ್ಲಿ ಅವನು ಅದನ್ನು ಕಂಡಿರಲಿಲ್ಲ. ಡಾಕ್ಟರು ಇಳಿದ ಮೇಲೆ ಇಬ್ಬರೂ ಒಬ್ಬರ ತೋಳು ಒಬ್ಬರು ಹಿಡಿದು ಒಟ್ಟಿಗೆ ಹತ್ತಿದರು. ಕಲ್ಲು ಇಬ್ಬರಿಗೆ ಸಾಲುವಷ್ಟಿರಲಿಲ್ಲ. ಲಿಫ್ಟಣ್ಣನ ಒಂದು ಹಿಮ್ಮಡಿ ಗಾಳಿಯಲ್ಲೇ ಇತ್ತು. ಸುತ್ತಲೂ ಅವನು ಹತ್ತಿದ ಬೆಟ್ಟಗಳು ಒಂದರ ಹಿಂದೊಂದು ನಿಂತಿದ್ದವು. ಎಣಿಸಲು ಹೋಗಿ, ಹದಿಮೂರಕ್ಕೆ ಕಣ್ಣು ಮಂಜಾಗಿ ಬಿಟ್ಟ. ಗಾಳಿಗೆ ಇರಬೇಕು ಎಂದುಕೊಂಡ.

ಇಳಿಯುವುದು ಹತ್ತಿದ್ದಕ್ಕಿಂತ ಕಷ್ಟವಾಯಿತು. ಬಂಡೆಯಿಂದ ಅವನನ್ನು ಪಟ್ಟಿಯಲ್ಲಿ ಇಳಿಬಿಟ್ಟರು. ಮುಂದಿನ ಇಳಿಜಾರಿನಲ್ಲಿ ಒಂದು ಭುಜ ಡ್ರೈವರಿಗೆ, ಇನ್ನೊಂದು ಕಾರ್ಯದರ್ಶಿಗೆ ಕೊಟ್ಟು ನಡೆದ. ಒಬ್ಬ ಗಿಡ್ಡ, ಒಬ್ಬರು ಉದ್ದ. ಅವನು ಓರೆಯಾಗಿಯೇ ಮನೆ ಸೇರಿದ. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಮೊದಲು ಮುಖ ನೋಡಿದಳು, ಆಮೇಲೆ ಅಂಗಿ, ಕೊನೆಗೆ ಹಿಂದಕ್ಕೆ ತಿರುಗಿಸಿ ಪ್ಯಾಂಟು. "ಪ್ಯಾಂಟು ಬದುಕಿದೆ" ಎಂದಳು. ನಾಲ್ಕು ಜನಕ್ಕೂ ಚಹಾ ಇಟ್ಟಳು.

ಮುಂದಿನ ಸಭೆಯಲ್ಲಿ ಕಾರ್ಯದರ್ಶಿ ಹಟ ಹಿಡಿದು ಹಲಗೆಯನ್ನೇ ಬದಲಾಯಿಸಿದರು. ಹಳೆಯ ಹದಿಮೂರು ಜನರಲ್ಲಿ ಐವರು ಸಿಟ್ಟಾಗಿ ಸಂಘ ಬಿಟ್ಟರು, ನಾಲ್ವರು ಗೊಣಗುತ್ತಾ ಆಚೆ ಡುಬ್ಬ ಹತ್ತಿ ಬಂದರು, ಉಳಿದವರು ಬಂಡೆಯ ಕಥೆ ಕೇಳಿ ಸುಮ್ಮನಾದರು. ಹೊಸ ಹಲಗೆಯ ಮೊದಲ ಸಾಲಿನಲ್ಲಿ ಎರಡು ಹೆಸರು, ಒಂದೇ ತಾರೀಕು. ಬಣ್ಣ ಬರೆಯುವವನು ಲಿಫ್ಟಣ್ಣನ ನಿಜ ಹೆಸರಿನಲ್ಲಿ ಒಂದು ಒತ್ತಕ್ಷರ ನುಂಗಿದ್ದ. ಅದನ್ನು ಸರಿಪಡಿಸಲು ಇನ್ನೂ ಮೂರು ತಿಂಗಳು ಓಡಾಡಬೇಕಾಯಿತು.

ಬೆಟ್ಟದ ಸಹವಾಸ ಅಲ್ಲಿಗೆ ಮುಗಿಯಿತೆಂದು ಅವನು ನಂಬಿದ್ದ. ಮಂಡಿಗೆ ಆಪರೇಷನ್ನು ಆಯಿತು, ಮೂಳೆ ಡಾಕ್ಟರು ಇನ್ನು ಕೋಲು ಬಿಡಬೇಡಿ ಎಂದರು. ಅಷ್ಟರಲ್ಲಿ ಹಲ್ಲಿನ ಡಾಕ್ಟರು ಕ್ಲಿನಿಕ್ಕಿಗೆ ಇನ್ನೊಬ್ಬರನ್ನು ಸೇರಿಸಿಕೊಂಡು, ತಮಗೆ ಉಳಿದ ಹದಿನೈದು ಶಿಖರಗಳನ್ನು ಮುಗಿಸಲು ಟೊಂಕ ಕಟ್ಟಿದರು.

"ನೀವೂ ಬನ್ನಿ ಅಣ್ಣ."

"ಕೋಲು ಕಾಣಿಸ್ತಿಲ್ವಾ?"

"ಬುಡದವರೆಗೆ ಬನ್ನಿ. ವ್ಯಾನಲ್ಲಿ ಕೂತಿರಿ."

ಈಗ ಭಾನುವಾರ ಯಾವುದಾದರೂ ಬೆಟ್ಟದ ಬುಡಕ್ಕೆ ಹೋದರೆ, ವ್ಯಾನಿನ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು ಕೂತ ಲಿಫ್ಟಣ್ಣ ಸಿಗುತ್ತಾನೆ. ತೊಡೆಯ ಮೇಲೆ ದುರ್ಬೀನು, ಪಕ್ಕದಲ್ಲಿ ದೊಡ್ಡ ಫ್ಲಾಸ್ಕು. ಹತ್ತಲು ಹೊರಟವರ ಬೂಟಿನ ದಾರ, ನೀರಿನ ಬಾಟಲಿ ಎಲ್ಲ ತಪಾಸಣೆ ಮಾಡಿ ಬೈದು ಕಳಿಸುತ್ತಾನೆ. ಮೂರು ಗಂಟೆಗೆ ಇಳಿದು ಬರುತ್ತೇವೆಂದವರು ಮೂರೂವರೆಯಾದರೂ ಕಾಣದಿದ್ದರೆ ಕೋಲೂರಿಕೊಂಡು ಎದ್ದು, ದಾರಿ ಶುರುವಾಗುವ ಕಡೆಗೆ ಹೋಗಿ ನಿಲ್ಲುತ್ತಾನೆ. ಹುಬ್ಬುಗಳ ನಡುವಿನ ಗೆರೆಗಳು ಆಗ ಇನ್ನಷ್ಟು ಆಳಕ್ಕಿಳಿಯುತ್ತವೆ. ಕೊನೆಗೆ ಮರಗಳ ಸಂದಿಯಲ್ಲಿ ಮೊದಲ ಟೋಪಿ ಕಂಡ ಕೂಡಲೇ ಕೂಗುತ್ತಾನೆ:

"ಗಡಿಯಾರ ಕಟ್ಕೊಳ್ಳೋದು ಶೋಕಿಗಾ? ಚಹಾ ಆರಿ ನೀರಾಯ್ತು, ಬನ್ನಿ ಬೇಗ!"